ಕ್ಯಾಸೆಟ್ಟಣ್ಣ ಕೊಂಡ ಎರಡು ಟಿಕೆಟ್

ನನ್ನ ಹೊಲಿಗೆ ಅಂಗಡಿಗೂ ಕ್ಯಾಸೆಟ್ಟಣ್ಣನ ಅಂಗಡಿಗೂ ನಡುವೆ ಇದ್ದದ್ದು ಒಂದು ಹಲಗೆ ಗೋಡೆ. ಗೋಡೆ ಅಂತ ಮರ್ಯಾದೆಗೆ ಹೇಳಬೇಕು ಅಷ್ಟೆ. ಆ ಕಡೆ ಅವನು ಕೆಮ್ಮಿದರೆ ಈ ಕಡೆ ನನ್ನ ಸೂಜಿ ತಪ್ಪುತ್ತಿತ್ತು. ವರ್ಷಾನುಗಟ್ಟಲೆ ನಾವು ಹಾಗೆ ಬೆನ್ನಿಗೆ ಬೆನ್ನು ಕೊಟ್ಟು ದುಡಿದೆವು, ನಾನು ಪ್ಯಾಂಟು ಹೊಲಿಯುತ್ತ, ಅವನು ಸಿನಿಮಾ ಬಾಡಿಗೆಗೆ ಕೊಡುತ್ತ. ನನಗೆ ಸಿನಿಮಾ ಅಂದರೆ ಆಗದು. ಗೊತ್ತಿಲ್ಲದವರ ಸುಳ್ಳು ಸಾವಿಗೆ ದುಡ್ಡು ಕೊಟ್ಟು ಅಳುವುದಕ್ಕಿಂತ ಗೊತ್ತಿರುವವರ ನಿಜವಾದ ಸಾವಿಗೆ ಬಿಟ್ಟಿಯಾಗಿ ಅಳಬಹುದಲ್ಲ ಎಂಬುದು ನನ್ನ ವಾದ. ಹಾಗೆಂದರೆ ಅವನು ನಗುತ್ತಿದ್ದ. ಅವನ ಹತ್ತಿರ ವಾದದಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ, ಯಾಕೆಂದರೆ ಅವನು ವಾದವನ್ನೇ ಮಾಡುತ್ತಿರಲಿಲ್ಲ.

ವಿಡಿಯೋ ಕ್ಯಾಸೆಟ್ಟುಗಳ ಕಾಲ ಅದು. ಊರಿಗೆಲ್ಲ ಒಂದೇ ಟಾಕೀಸು, ಒಂದೇ ಕ್ಯಾಸೆಟ್ ಅಂಗಡಿ. ಯಾವ ಸಿನಿಮಾ ಆದರೂ ಮೊದಲು ಟಾಕೀಸಿಗೆ ಬರಬೇಕು, ಅಲ್ಲಿ ಜನರ ಬೈಗುಳವನ್ನೋ ಚಪ್ಪಾಳೆಯನ್ನೋ ತಿಂದು, ಆರೆಂಟು ತಿಂಗಳ ಮೇಲೆ ಕ್ಯಾಸೆಟ್ಟಾಗಿ ಇವನ ಕಪಾಟು ಸೇರಬೇಕು. ಅದನ್ನು ತರಲು ಅವನು ಬಸ್ಸು ಹಿಡಿದು ದೊಡ್ಡ ಪೇಟೆಗೆ ಹೋಗುತ್ತಿದ್ದ. ಕೈಚೀಲದ ತುಂಬ ಕ್ಯಾಸೆಟ್ಟು ತಂದು, ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ ಜೋಡಿಸುತ್ತಿದ್ದ. ಟಾಕೀಸಿನ ಒಳಗೆ ಅವನು ಕಾಲಿಟ್ಟವನೇ ಅಲ್ಲ. ಆಟದ ಹೊತ್ತು ಅವನ ವ್ಯಾಪಾರದ ಹೊತ್ತು, ಮೇಲಾಗಿ ಅದು ಎದುರಾಳಿಯ ಮನೆ.

ಬೇರೆ ಕ್ಯಾಸೆಟ್ ಅಂಗಡಿಗಳಲ್ಲಿ ‘ಹಿಂದಕ್ಕೆ ಸುತ್ತಿ ಕೊಡಿ’ ಎಂದು ಬೋರ್ಡು ಹಾಕಿರುತ್ತಾರಂತೆ. ಇವನಲ್ಲೂ ಒಂದು ಇತ್ತು. ಆಮೇಲೆ ತಾನೇ ಕಿತ್ತು ಹಾಕಿದ. ಯಾಕಯ್ಯಾ ಅಂದರೆ, ಜನ ಎಲ್ಲಿ ನಿಲ್ಲಿಸಿದರೋ ಅಲ್ಲೇ ನಿಂತು ಬಂದ ಕ್ಯಾಸೆಟ್ಟು ನೋಡಲು ಚೆನ್ನ ಎಂದ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಎರಡು ಸುರುಳಿ ಕಾಣುತ್ತವೆ. ನೋಡಿದಷ್ಟೂ ಎಡಗಡೆಯದು ತೆಳ್ಳಗಾಗಿ ಬಲಗಡೆಯದು ದಪ್ಪಗಾಗುತ್ತದೆ. ವಾಪಸ್ಸು ಬಂದ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಅವನು ಬಲಗಡೆ ಸುರುಳಿಯನ್ನು ನೋಡುತ್ತಿದ್ದ, ವೈದ್ಯರು ನಾಡಿ ನೋಡಿದ ಹಾಗೆ. ಆಮೇಲೆ ಅಂಗಡಿಯ ಟಿವಿಗೆ ಹಾಕಿ, ಯಾವ ಜಾಗಕ್ಕೆ ನಿಂತಿದೆ ಎಂದು ನೋಡಿ, ತಾನೇ ಹಿಂದಕ್ಕೆ ಸುತ್ತುತ್ತಿದ್ದ. ಹೆಡ್‌ಮಾಸ್ತರರ ಮನೆಯಲ್ಲಿ ಹೊಡೆದಾಟ ಶುರುವಾಗುವ ಜಾಗಕ್ಕೆ ಸರಿಯಾಗಿ ಟಿವಿ ಆರುತ್ತದೆ ಅನ್ನುತ್ತಿದ್ದ. ಹೊಸದಾಗಿ ಮದುವೆಯಾದವರು ಹೆಸರು ತೋರಿಸುವುದು ಮುಗಿಯುವ ಮೊದಲೇ ನಿಲ್ಲಿಸಿ ಮರುದಿನ ‘ಬಹಳ ಚೆನ್ನಾಗಿತ್ತು’ ಎಂದು ಕೊಟ್ಟು ಹೋಗುತ್ತಾರೆ ಎಂದು ಮುಸಿಮುಸಿ ನಗುತ್ತಿದ್ದ. ಬೀಗದಂತೆ ಬಾಯಿ ಬಿಗಿದುಕೊಂಡು ಓಡಾಡುವ ಒಬ್ಬ ಅಧಿಕಾರಿಯ ಮನೆಯಿಂದ ಬಂದ ಟೇಪು ಒಂದು ಹಾಡಿನ ಹತ್ತಿರ ಮಾತ್ರ ಸವೆದಿರುತ್ತಿತ್ತು. ಇವೆಲ್ಲ ಅವನು ನನಗೊಬ್ಬನಿಗೇ ಹೇಳುತ್ತಿದ್ದದ್ದು. ನನಗೆ ಹೇಳಿದರೆ ಗೋಡೆಗೆ ಹೇಳಿದ ಹಾಗೆ ಎಂದು ಅವನಿಗೆ ಗೊತ್ತಿತ್ತು.

ಮನೆಯಲ್ಲಿ ಇದ್ದದ್ದು ಅವನು, ಅವನ ತಾಯಿ. ಮದುವೆ ಯಾಕೋ ಕೂಡಿಬರಲಿಲ್ಲ. ಮೊದಮೊದಲು ನೋಡೋಣ ಅಂದರು, ಆಮೇಲೆ ನೋಡುವವರೇ ಇಲ್ಲವಾದರು. ಅಂಗಡಿ ಮುಚ್ಚಿ ಹೋಗುವಾಗ ಒಂದು ಕ್ಯಾಸೆಟ್ಟು ಒಯ್ಯುತ್ತಿದ್ದ. ತಾಯಿ ಮಗ ಊಟದ ತಟ್ಟೆ ಹಿಡಿದು ಕೂತು ನೋಡುತ್ತಿದ್ದರು. ಆ ತಾಯಿಗೆ ಒಂದು ಅಭ್ಯಾಸ. ಪರದೆಯ ಮೇಲೆ ಯಾರು ಬಂದರೂ ‘ಇವನು ಒಳ್ಳೆಯವನೋ ಕೆಟ್ಟವನೋ ಮೊದಲು ಹೇಳು’ ಅನ್ನಬೇಕು. ಹೇಳದೆ ಇದ್ದರೆ ನೋಡುವುದಿಲ್ಲ. ಇವನು ಮೊದಲೇ ನೋಡಿರದ ಸಿನಿಮಾ ಆದರೂ ‘ಒಳ್ಳೆಯವನು ಕಣಮ್ಮ’ ಎಂದು ಅಂದಾಜಿನ ಮೇಲೆ ಹೇಳಿಬಿಡುತ್ತಿದ್ದ. ಆ ಒಳ್ಳೆಯವನು ಕೊನೆಯಲ್ಲಿ ಯಾರಿಗಾದರೂ ಚೂರಿ ಹಾಕಿದರೆ ಎರಡು ದಿನ ಮಗನ ಮೇಲೆ ಮುನಿಸು.

ತಾಯಿ ತೀರಿಕೊಂಡ ಮೇಲೆ ಅವನು ಒಂದು ಸಿನಿಮಾವನ್ನೂ ಪೂರ್ತಿ ನೋಡಲಿಲ್ಲ. ಇದು ನನಗೆ ತಿಳಿದದ್ದು ತಡವಾಗಿ. ಒಂದು ದಿನ ಗಿರಾಕಿಯೊಬ್ಬರು ಯಾವುದೋ ಕ್ಯಾಸೆಟ್ಟು ಹಿಡಿದು ಕೊನೆ ಹೇಗಿದೆ ಎಂದು ಕೇಳಿದರು, ಇವನು ತಡವರಿಸಿದ. ಅವರು ಹೋದ ಮೇಲೆ ನಾನು, ಹೋಟೆಲಿನವನಿಗೇ ತನ್ನ ಅಡುಗೆಯ ರುಚಿ ಗೊತ್ತಿಲ್ಲವಲ್ಲ ಎಂದು ಕೆಣಕಿದೆ. ಅವನು ನಗಲಿಲ್ಲ. ದಿನವೂ ಕ್ಯಾಸೆಟ್ಟು ಹಾಕುತ್ತೇನೆ, ಅರ್ಧ ಗಂಟೆ ಆಗುವಷ್ಟರಲ್ಲಿ ಹೊಸಬರು ಯಾರೋ ಪರದೆಗೆ ಬರುತ್ತಾರೆ, ಪಕ್ಕಕ್ಕೆ ತಿರುಗಿ ‘ಒಳ್ಳೆಯವನು’ ಎಂದು ಹೇಳಿಬಿಡುತ್ತೇನೆ, ಆಮೇಲೆ ನೋಡಲು ಆಗುವುದಿಲ್ಲ, ಆರಿಸಿ ಮಲಗುತ್ತೇನೆ ಎಂದ. ನಾನು ಮಿಷನ್ ತುಳಿಯುವುದನ್ನು ನಿಲ್ಲಿಸಿದೆ. ಆಮೇಲೆ ಮತ್ತೆ ತುಳಿದೆ.

ಇಂಥ ಹೊತ್ತಿನಲ್ಲಿ ಆ ಹೆಂಗಸು ಅಂಗಡಿಗೆ ಬರಲು ಶುರುಮಾಡಿದರು. ನಲವತ್ತರ ಆಸುಪಾಸು. ಮಾತು ಕಡಿಮೆ, ನಡಿಗೆ ಜೋರು. ಹೆಬ್ಬೆರಳಿನ ತುದಿಯಲ್ಲಿ ಯಾವಾಗಲೂ ನೇರಳೆ ಶಾಯಿಯ ಕಲೆ. ಯಾವುದೋ ಆಫೀಸಿನಲ್ಲಿ ಮೊಹರು ಒತ್ತುವ ಕೆಲಸವಿರಬೇಕು ಎಂದು ಇವನ ಅಂದಾಜು, ಕೇಳುವ ಧೈರ್ಯವಿಲ್ಲ. ಬೆಳಗ್ಗೆ ಬಂದು ಕ್ಯಾಸೆಟ್ಟು ಒಯ್ಯುವರು, ಮರುದಿನ ತಂದು ಕೊಡುವರು, ಮಧ್ಯಾಹ್ನ ಬಿಸಿಲಲ್ಲಿ ಚೀಲ ಹಿಡಿದು ಟಾಕೀಸಿನ ರಸ್ತೆಯ ಕಡೆಗೆ ಹೋಗುವರು. ಚೆನ್ನಾಗಿ ಓಡಿದ ಸಿನಿಮಾವನ್ನೂ ಕೇಳುವರು, ಮೂರೇ ದಿನಕ್ಕೆ ಮಕಾಡೆ ಮಲಗಿದ್ದನ್ನೂ ಕೇಳುವರು. ಇವನು ಕೊಟ್ಟ. ಮೊದಲನೆಯ ಕ್ಯಾಸೆಟ್ಟು ವಾಪಸ್ಸು ಬಂದಾಗ ಬಲಗಡೆ ಸುರುಳಿ ಒಂದು ಬೆರಳಿನಷ್ಟು ದಪ್ಪ. ಎರಡನೆಯದೂ ಅಷ್ಟೆ. ಮೂರನೆಯದೂ ಅಷ್ಟೆ.

“ಮಾಸ್ಟ್ರೇ, ಇವರೂ ಅರ್ಧ ಗಂಟೆಗೇ ನಿಲ್ಲಿಸ್ತಾರೆ,” ಅಂದ ಹಲಗೆಯ ಆ ಕಡೆಯಿಂದ.

ಅವತ್ತಿನಿಂದ ಅವರ ಹೆಸರು ಅರ್ಧಗಂಟೆಯವರು. ಆ ‘ಇವರೂ’ ಅನ್ನುವುದರಲ್ಲಿ ಎಷ್ಟು ಭಾರವಿತ್ತು ಎಂದು ನನಗೆ ಆಗಲೇ ತಿಳಿಯಿತು.

ಮೊದಲು ಅವನಿಗೆ ಇದ್ದದ್ದು ಕನಿಕರ. ಅವರನ್ನು ಕೊನೆಯವರೆಗೂ ಕೂರಿಸುವ ಸಿನಿಮಾ ಹುಡುಕಬೇಕು ಎಂದು ಹಟ ಹಿಡಿದ. ಪೇಟೆಗೆ ಹೋದಾಗ ಆ ಅಂಗಡಿ ಈ ಅಂಗಡಿ ಅಲೆದ. ಹೊಟ್ಟೆ ಹುಣ್ಣಾಗುವಂತೆ ನಗಿಸುವ ಸಿನಿಮಾ ತಂದು ಇದನ್ನು ನೋಡಿ ಎಂದು ಕೊಟ್ಟ. ಬೆರಳಿನ ದಪ್ಪಕ್ಕೇ ವಾಪಸ್ಸು. ದೆವ್ವದ್ದು ಕೊಟ್ಟ, ದೆವ್ವ ಬರುವ ಮೊದಲೇ ವಾಪಸ್ಸು. ಕಡೆಗೆ ಒಂದು ಪತ್ತೇದಾರಿ ಸಿನಿಮಾ ಕೊಟ್ಟು, ಕೊಲೆ ಮಾಡಿದವನು ಯಾರು ಎಂದು ತಿಳಿಯದೆ ಮನುಷ್ಯಮಾತ್ರದವರು ಟಿವಿ ಆರಿಸಲಾರರು ಎಂದು ನನ್ನ ಹತ್ತಿರ ಪಂದ್ಯ ಕಟ್ಟಿದ. ಮರುದಿನ ಬೆಳಕಿಗೆ ಹಿಡಿದು ನೋಡಿದ. ಕೊಲೆಯಾಗಿತ್ತು, ಪೊಲೀಸರು ಬರುತ್ತಿದ್ದರು, ಅಷ್ಟಕ್ಕೇ ನಿಂತಿತ್ತು.

ಸೋತವನ ಮುಖದಲ್ಲಿ ಅಂಥ ಸಮಾಧಾನ ನಾನು ನೋಡಿರಲಿಲ್ಲ. ಅಲ್ಲಿಂದ ಅವನ ಕನಿಕರ ಬೇರೆಯೇ ಆಯಿತು. ಅವರಿಗೂ ಮನೆಯಲ್ಲಿ ಯಾರೂ ಇಲ್ಲ, ಇದ್ದವರು ಹೋಗಿಬಿಟ್ಟಿದ್ದಾರೆ, ಅವರೂ ಪಕ್ಕಕ್ಕೆ ತಿರುಗಿ ಏನೋ ಹೇಳುತ್ತಾರೆ, ಕೇಳುವವರಿಲ್ಲದೆ ಆರಿಸುತ್ತಾರೆ ಎಂದು ಅವನ ತಲೆಯಲ್ಲಿ ಪೂರ್ತಿ ಒಂದು ಕಥೆ ತಯಾರಾಯಿತು. ನಾನು ಎಚ್ಚರಿಸಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ಟೇಪು ನೋಡಿ ಮನೆಯೊಳಗಿನದನ್ನು ಹೇಳಬೇಡ, ಒಂದು ಸಲ ಬಾಯಿ ಬಿಟ್ಟು ಕೇಳು ಅಂದೆ. ಕೇಳುವುದು ಏನಿದೆ, ನನಗೇ ಗೊತ್ತಿಲ್ಲವಾ ಅಂದ. ಮದುವೆಯ ಯೋಚನೆಯೋ ಎಂದು ನೇರವಾಗಿಯೇ ಕೇಳಿದೆ. ಕಿವಿ ಕೆಂಪಾದರೂ ಸುಳ್ಳು ಹೇಳಲಿಲ್ಲ. ಅಷ್ಟು ದೂರ ಹೋಗಿಲ್ಲ, ಪಕ್ಕದಲ್ಲಿ ಒಬ್ಬರು ಕೂತರೆ ಸಾಕು, ಒಂದೇ ಒಂದು ಸಲ ಕೊನೆಯವರೆಗೂ ನೋಡಿದರೆ ಮುಂದೆ ಹೇಗೋ ಅಭ್ಯಾಸವಾಗುತ್ತದೆ ಎಂದ. ಹೀಗೇ ಆದರೆ ಮನೆಗೆ ಹೋಗುವುದೇ ಬೇಡ ಅನ್ನಿಸುತ್ತದೆ ಮಾಸ್ಟ್ರೇ, ಎಂದೂ ಅಂದ. ಅದನ್ನು ಮಾತ್ರ ಬಹಳ ಸಣ್ಣ ದನಿಯಲ್ಲಿ ಅಂದ.

ಆಮೇಲೆ ಒಂದು ದಿನ ನನ್ನ ಅಂಗಡಿಗೆ ಬಂದು ಪ್ಯಾಂಟು ಹೊಲಿಯಲು ಅಳತೆ ಕೊಟ್ಟ. ಇಷ್ಟು ವರ್ಷದಲ್ಲಿ ಅವನು ನನ್ನ ಟೇಪಿನ ಮುಂದೆ ನಿಂತದ್ದು ಅದೇ ಮೊದಲು. ಸೊಂಟ ನನ್ನ ಅಂದಾಜಿಗಿಂತ ಸಣ್ಣದಿತ್ತು. ಒಬ್ಬರೇ ಉಣ್ಣುವವರ ಸೊಂಟ ಕರಗುತ್ತದೆ, ಇದು ನನ್ನ ಕಸುಬಿನಲ್ಲಿ ಕಂಡದ್ದು. ಏನು ವಿಶೇಷ ಎಂದೆ. ಟಾಕೀಸಿಗೆ ಹೊಸ ಸಿನಿಮಾ ಬಂದಿದೆ, ಎರಡು ಟಿಕೆಟ್ ತೆಗೆದುಕೊಂಡು ರಸ್ತೆಯಲ್ಲಿ ನಿಂತಿರುತ್ತೇನೆ, ಅವರು ಮಧ್ಯಾಹ್ನ ಆ ಕಡೆ ಬರುತ್ತಾರಲ್ಲ, ಆಗ ಕೇಳುತ್ತೇನೆ ಎಂದ. ಕೇಳಲಾರದವನು ಕೈಯಲ್ಲಿ ಟಿಕೆಟ್ ಇದ್ದರೆ ಕೇಳಬಲ್ಲನೇ? ಆದರೆ ನಾನು ಬಾಯಿ ಮುಚ್ಚಿಕೊಂಡು ಪ್ಯಾಂಟಿನ ಅಂಚನ್ನು ಯಂತ್ರದಲ್ಲಿ ಹಾಕದೆ ಕೈಯಲ್ಲೇ ಹೊಲಿದೆ.

ಅವನು ಟಾಕೀಸಿಗೆ ಹೋದ ದಿನ ಅಂಗಡಿಯ ಬಾಗಿಲು ಹಗಲುಹೊತ್ತೇ ಮುಚ್ಚಿತ್ತು. ಹಲಗೆಯ ಆ ಕಡೆ ಸದ್ದಿಲ್ಲದೆ ನನಗೆ ಕೆಲಸವೇ ಸಾಗಲಿಲ್ಲ. ಟಾಕೀಸಿನಲ್ಲಿ ನಡೆದದ್ದನ್ನು ಅವನೇ ಸಂಜೆ ಬಂದು ಹೇಳಿದ. ನನ್ನ ಕಡೆಯಿಂದ ಒಂದು ಎಳೆಯನ್ನೂ ಸೇರಿಸದೆ ಹೇಳುತ್ತೇನೆ.

ಸಾಲಿನಲ್ಲಿರುವಾಗ ಅವರು ದಾಟಿ ಹೋಗಿಬಿಟ್ಟರೆ ಎಂದು ಟಿಕೆಟ್ ತೆಗೆದುಕೊಳ್ಳದೆ ರಸ್ತೆಯಲ್ಲೇ ಬಹಳ ಹೊತ್ತು ನಿಂತನಂತೆ. ಅವರು ಬರಲಿಲ್ಲ. ಮ್ಯಾಟ್ನಿಯ ಗಂಟೆ ಹೊಡೆಯಿತು, ಸಾಲು ಕರಗಿತು. ವಾಪಸ್ಸು ಹೋಗೋಣವೆಂದು ಎರಡು ಹೆಜ್ಜೆ ಇಟ್ಟು, ಟಿಕೆಟ್ ಆದರೂ ಇರಲಿ ಎಂದು ಕೌಂಟರಿಗೆ ಹೋದ. ಗೋಡೆಯಲ್ಲಿ ಕೈ ಹಿಡಿಸುವಷ್ಟು ಒಂದು ತೂತು. ಬಗ್ಗಿ ‘ಎರಡು’ ಅಂದ. ಒಳಗಿನಿಂದ ಎರಡು ಟಿಕೆಟ್ ಹಿಡಿದ ಕೈ ಬಂತು. ಹೆಬ್ಬೆರಳಿನ ತುದಿಯಲ್ಲಿ ನೇರಳೆ ಶಾಯಿ.

“ಕ್ಯಾಸೆಟ್ಟಣ್ಣ ಅಲ್ವಾ? ಅಂಗಡಿ ಬಿಟ್ಟು ಇಲ್ಲಿಗೆ ಬಂದಿದ್ದೀರಿ?” ಎಂದಿತು ತೂತಿನ ಒಳಗಿನ ದನಿ.

ಇವನು ದುಡ್ಡನ್ನು ತೂತಿನೊಳಗೆ ತಳ್ಳಿದ. ಟಿಕೆಟ್ ಹಿಡಿದು ಕಂಬದ ಹತ್ತಿರ ನಿಂತ. ಒಳಗೆ ಸಿನಿಮಾ ಶುರುವಾದ ಸದ್ದು ಕೇಳುತ್ತಿತ್ತು, ಕಾಲು ಒಳಕ್ಕೂ ಹೋಗಲಿಲ್ಲ, ಹೊರಕ್ಕೂ ಹೋಗಲಿಲ್ಲ. ತಡವಾಗಿ ಬಂದವರೆಲ್ಲ ಟಿಕೆಟ್ ತೆಗೆದುಕೊಂಡು ಒಳಗೆ ಹೋದ ಮೇಲೆ ತೂತಿಗೆ ಹಲಗೆ ಬಿತ್ತು. ಪಕ್ಕದ ಬಾಗಿಲಿನಿಂದ ಅವರು ಹೊರಗೆ ಬಂದರು. ಇವನಿನ್ನೂ ನಿಂತಿದ್ದನ್ನು ನೋಡಿ, ಜೊತೆಯವರು ಬರಲಿಲ್ಲವೇ, ಬೇಕಾದರೆ ಒಂದು ಟಿಕೆಟ್ ವಾಪಸ್ಸು ತೆಗೆದುಕೊಳ್ಳುತ್ತೇನೆ ಎಂದರು.

“ಅದು ನಿಮಗೆ ಅಂತ ತಗೊಂಡಿದ್ದು,” ಅಂದ ಇವನು.

ಅವರು ಇವನ ಕೈಯಲ್ಲಿದ್ದ ಟಿಕೆಟುಗಳನ್ನು ನೋಡಿದರು. ಇನ್ನು ಸುಮ್ಮನಿದ್ದರೆ ಸತ್ತೇ ಹೋಗುತ್ತೇನೆ ಅನ್ನಿಸಿ ಇವನು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟ. ನಾನು ಟೇಪು ನೋಡಿ ಕಂಡುಕೊಂಡೆ, ನೀವೂ ಅರ್ಧಕ್ಕೇ ನಿಲ್ಲಿಸುತ್ತೀರಿ, ಅಮ್ಮ ಹೋದ ಮೇಲೆ ನಾನೂ ಹಾಗೇ, ಒಬ್ಬರೇ ಕೂತರೆ ಆಗುವುದಿಲ್ಲ ಅಂತ ನನಗೆ ಗೊತ್ತು, ಇಬ್ಬರು ಕೂತರೆ ಮುಗಿಸಬಹುದೇನೋ ಎಂದ. ಅವರು ನಕ್ಕಿದ್ದರೆ ಚೆನ್ನಾಗಿರುತ್ತಿತ್ತು, ನಗಲಿಲ್ಲ ಮಾಸ್ಟ್ರೇ, ಎಂದು ನನಗೆ ಹೇಳಿದ.

“ನಾನು ಅರ್ಧಕ್ಕೆ ಬಿಡೋದಲ್ಲ,” ಅಂದರಂತೆ ಅವರು. “ನನಗೆ ಬೇಕಾಗಿರೋದೇ ಅಷ್ಟು. ಶುರು ಆಗೋವಾಗ ನಾನು ಈ ಗೂಡಲ್ಲಿ ಇರ್ತೀನಿ. ಲೆಕ್ಕ ಮುಗಿಸಿ ಒಳಗೆ ಹೋಗೋಷ್ಟರಲ್ಲಿ ಅರ್ಧ ಗಂಟೆ ಆಗಿರುತ್ತೆ. ಮಿಕ್ಕಿದ್ದೆಲ್ಲ ಇಲ್ಲೇ ನೋಡಿರ್ತೀನಿ. ನೋಡದೆ ಉಳಿದಿದ್ದನ್ನ ನಿಮ್ಮ ಹತ್ರ ತಗೊಂಡು ಹೋಗೋದು.”

ಕೊಲೆ ಮಾಡಿದವನು ಯಾರೆಂದು ಅವರಿಗೆ ಮೊದಲೇ ಗೊತ್ತಿತ್ತು. ಕೊಲೆಯಾದವನು ಯಾರೆಂಬುದೇ ಗೊತ್ತಿರಲಿಲ್ಲ. ಇದನ್ನು ಕೇಳಿ ನನಗೆ ನಗು ಬಂತು, ಅವನ ಮುಖ ನೋಡಿ ನುಂಗಿಕೊಂಡೆ.

ಕೊನೆಯಲ್ಲಿ ಸತ್ತವರು ಶುರುವಿನಲ್ಲಿ ನಗುತ್ತ ಓಡಾಡಿಕೊಂಡಿರುತ್ತಾರೆ, ಅದನ್ನು ಆಮೇಲೆ ನೋಡುವುದೇ ಒಂದು ಚೆಂದ ಎಂದೂ ಹೇಳಿದರಂತೆ. ಮನೆಯಲ್ಲಿ ಅತ್ತೆ ಸ್ನಾನಕ್ಕೆ ಹೋದಾಗ ಕ್ಯಾಸೆಟ್ಟು ಹಾಕುತ್ತಾರಂತೆ, ಅತ್ತೆಯ ಸ್ನಾನಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಅಲ್ಲಿಗೆ ಸರಿಹೋಗುತ್ತದೆ. ಅತ್ತೆ ಮಾವ, ಗಂಡ, ಮೈದುನ, ಓರಗಿತ್ತಿ, ಎಲ್ಲರ ಮಕ್ಕಳು, ಮನೆ ತುಂಬ ಜನ. ಇವನು ತಲೆ ತಗ್ಗಿಸಿದನಂತೆ. ಹಾಗಿದ್ದರೆ ಇವತ್ತೊಂದು ದಿನ, ಉಳಿದ ಭಾಗಕ್ಕಾದರೂ ಪಕ್ಕದಲ್ಲಿ ಕೂರುತ್ತೀರಾ ಎಂದು ಆದರೂ ಕೇಳಿದ. ಅಷ್ಟು ಕೇಳಿದ್ದಕ್ಕೆ ನಾನು ಅವನನ್ನು ಮೆಚ್ಚುತ್ತೇನೆ. ನಾನಾಗಿದ್ದರೆ ಓಡಿ ಬಂದಿರುತ್ತಿದ್ದೆ.

“ಬೇಜಾರು ಮಾಡ್ಕೋಬೇಡಿ ಅಣ್ಣ,” ಅಂದರು ಅವರು. “ಕೌಂಟರ್ ಮುಚ್ಚಿದ್ರೆ ನನ್ನ ಕೆಲಸ ಮುಗೀತು. ಆದ್ರೆ ಮನೇಲಿ, ಆಟ ಮುಗಿಯೋವರೆಗೂ ಡ್ಯೂಟಿ ಅಂತ ಹೇಳಿದ್ದೀನಿ. ಬೆಳಗ್ಗೆ ಎದ್ದಾಗಿಂದ ಯಾರಾದ್ರೂ ನನ್ನ ಕರೀತಾನೇ ಇರ್ತಾರೆ. ಇಲ್ಲಿ ಕತ್ತಲಲ್ಲಿ ಕೂತ್ರೆ ಯಾರೂ ಕರೆಯಲ್ಲ. ಅದೊಂದೇ ನನ್ನದು ಅಂತ ಇರೋದು. ಗೊತ್ತಿರೋರು ಪಕ್ಕದಲ್ಲಿ ಕೂತ್ರೆ ಅದೂ ಹೋಗುತ್ತೆ.”

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಯಾವುದರಿಂದ ಇವನು ಒಳಗೊಳಗೇ ಸಾಯುತ್ತಿದ್ದನೋ ಅದನ್ನು ಆ ಹೆಂಗಸು ಸುಳ್ಳು ಹೇಳಿ ಕದ್ದು ತಂದುಕೊಳ್ಳುತ್ತಿದ್ದರು. ಇವನ ಮೇಲೆ ನನಗೆ ಸಿಟ್ಟು ಬಂತು, ಆಕೆಯ ಮೇಲೂ ಬಂತು, ಯಾಕೆಂದು ಕೇಳಿದರೆ ಹೇಳಲು ಬಾರದು. ಯಾರ ತಪ್ಪೂ ಇಲ್ಲದ ಕಡೆ ಬರುವ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು.

ಆ ಎರಡನೆಯ ಟಿಕೆಟನ್ನು ಅವರು ಮತ್ತೆ ಕೇಳಿದರಂತೆ, ಇವನು ಇರಲಿ ಅಂದ. ಅವರು ಮೆಟ್ಟಿಲು ಹತ್ತಿ ಹಿಂದಿನ ಸಾಲಿಗೆ ಹೋದರು. ಇವನು ಕೆಳಗಿನ ಬಾಗಿಲಿನಿಂದ ಒಳಗೆ ಹೋಗಿ ನಡುವೆ ಎಲ್ಲೋ ಕೂತ. ಸೀಟು ಬದಲಿಸಲು ಕತ್ತಲಲ್ಲಿ ತಡಕಾಡುತ್ತ ಬಂದ ಯಾರೋ, ಪಕ್ಕದ ಸೀಟಿನಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದರು. ಇದ್ದಾರೆ ಎಂದು ಹೇಳಿದನಂತೆ.

ಇಷ್ಟು ಹೇಳಿ ಅವನು ನನ್ನ ಸ್ಟೂಲಿನ ಮೇಲೆ ಕೂತು ಹೊಸ ಪ್ಯಾಂಟಿನ ಮೊಣಕಾಲನ್ನು ಸವರಿಕೊಳ್ಳುತ್ತಿದ್ದ. ಮಧ್ಯದಲ್ಲೇ ಎದ್ದು ಬಂದಿರುತ್ತಾನೆ, ಇಷ್ಟು ಹೊತ್ತು ಬೀದಿ ಸುತ್ತಿರುತ್ತಾನೆ ಎಂದುಕೊಂಡೆ. ಟೀ ತರಿಸಲೇ ಎಂದು ಕೇಳಿದೆ, ಬೇಡ ಅಂದ. ಎಷ್ಟು ಹೊತ್ತಿಗೆ ಎದ್ದೆ ಎಂದು ಕೇಳಿದೆ.

“ಏಳಲಿಲ್ಲ. ಕೊನೆವರೆಗೂ ಕೂತಿದ್ದೆ,” ಅಂದ.

ಆಗಲ್ಲ ಅನ್ನುತ್ತಿದ್ದೆಯಲ್ಲ ಎಂದೆ.

“ಆಗಲಿಲ್ಲ ಮಾಸ್ಟ್ರೇ. ಕೂತ ಅರ್ಧ ಗಂಟೆಗೇ ಎದ್ದು ಬಂದುಬಿಡೋಣ ಅನ್ನಿಸ್ತು. ಆದ್ರೆ ಹಿಂದೆ ಅವರು ಕೂತಿದ್ರು. ನಾನು ಎದ್ದು ಹೋಗಿದ್ದು ಕಂಡಿದ್ರೆ ನೊಂದುಕೊಂಡು ಹೋದ ಅಂತ ಅವರಿಗೆ ಅನ್ನಿಸ್ತಿತ್ತು. ಆಮೇಲೆ ಅವರಿಗೆ ನೋಡೋಕೆ ಆಗ್ತಿರಲಿಲ್ಲ. ಅದಕ್ಕೆ ಅಲ್ಲಾಡದೆ ಕೂತೆ.”

ನಾನು ಹೊಲಿಯುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟೆ. ಜೀವಮಾನದಲ್ಲಿ ಮೊದಲ ಸಲ ಅವನನ್ನು ಒಂದು ಸಿನಿಮಾದ ಕೊನೆ ಏನಾಯಿತು ಎಂದು ಕೇಳಿದೆ. ಅವನು ನೆನಪು ಮಾಡಿಕೊಳ್ಳಲು ನೋಡಿದ, ತುಂಬ ಹೊತ್ತು ನೋಡಿದ. ಗೊತ್ತಿಲ್ಲ, ಅವರಿಗೆ ಇಷ್ಟವಾಗಿರಬೇಕು, ಹಿಂದಿನ ಸಾಲಿನಿಂದ ಒಂದು ಸಲ ನಕ್ಕಿದ್ದು ಕೇಳಿಸಿತು ಎಂದ.